ಮುಳ್ಳು: ಹೆಸರೊಂದು, ವಸ್ತು ಹಲವು

ಕನ್ನಡದಲ್ಲಿ 'ಮುಳ್ಳು' ಎಂಬ ಪದದ ವ್ಯಾಪ್ತಿ ಬಹು ದೊಡ್ಡದು. ಜಾಲಿಯ ಕೊಂಬೆಯಲ್ಲಿರುವುದೂ ಮುಳ್ಳು, ಮೀನಿನ ಊಟದಲ್ಲಿ ಎಲೆಯ ಅಂಚಿಗೆ ತೆಗೆದಿಡುವ ಎಲುಬೂ ಮುಳ್ಳು. ಗಡಿಯಾರದಲ್ಲಿ ಹೊತ್ತನ್ನು ತೋರಿಸುವುದೂ, ತಕ್ಕಡಿಯ ನಡುವೆ ನಿಂತು ತೂಕವನ್ನು ಹೇಳುವುದೂ ಮುಳ್ಳೇ. ಮೊನೆಯುಳ್ಳುದನ್ನೆಲ್ಲ ಹೀಗೆ ಒಂದೇ ಹೆಸರಿನಿಂದ ಕರೆಯುವುದು ಲೋಕವ್ಯವಹಾರಕ್ಕೆ ಸಾಕು, ಜೀವಶಾಸ್ತ್ರಕ್ಕೆ ಸಾಲದು. ಒಂದು ಅಂಗವು ಏನು ಕೆಲಸ ಮಾಡುವುದು ಎಂಬುದು ಒಂದು ಪ್ರಶ್ನೆ. ಅದು ಯಾವುದರಿಂದ ಹುಟ್ಟಿತು ಎಂಬುದು ಬೇರೊಂದು ಪ್ರಶ್ನೆ. ಈ ಎರಡನ್ನೂ ಬೇರ್ಪಡಿಸಿ ನೋಡುವ ಅಭ್ಯಾಸಕ್ಕೆ ಮುಳ್ಳಿನಂತಹ ಸುಲಭವಾದ ಪಾಠ ಇನ್ನೊಂದಿಲ್ಲ. ಈ ವಿವೇಚನೆ ಕೇವಲ ತರಗತಿಗೆ ಸಂಬಂಧಿಸಿದ್ದಲ್ಲ, ಅದರಿಂದ ನಾಡಿನ ಭೂಮಿಯೂ ಉಳಿದೀತು ಅಥವಾ ಕೆಟ್ಟೀತು ಎಂಬುದನ್ನು ಮುಂದೆ ಕಾಣುವೆವು.

ಮೊದಲು ಸಸ್ಯಗಳನ್ನು ತೆಗೆದುಕೊಳ್ಳೋಣ. ಸಸ್ಯಗಳ ಮುಳ್ಳುಗಳನ್ನು ಹುಟ್ಟಿನ ದೃಷ್ಟಿಯಿಂದ ಮೂರು ವರ್ಗಗಳಾಗಿ ವಿಂಗಡಿಸುವುದು ರೂಢಿ. ಒಂದನೆಯದು ರೆಂಬೆಯೇ ಮಾರ್ಪಟ್ಟು ಆದ ಮುಳ್ಳು. ನಿಂಬೆ ಮತ್ತು ಬಿಲ್ವಗಳಲ್ಲಿ ಇದು ಎಲೆಯ ಕಂಕುಳಿನಲ್ಲಿ, ಅಂದರೆ ರೆಂಬೆ ಹುಟ್ಟಬೇಕಾದ ಸ್ಥಾನದಲ್ಲಿ ಹುಟ್ಟುತ್ತದೆ. ದಾಳಿಂಬೆಯಲ್ಲಿ ಎಳೆಯ ರೆಂಬೆಯ ತುದಿಯೇ ಮೊನಚಾಗುವುದುಂಟು. ಎರಡನೆಯದು ಎಲೆ ಅಥವಾ ಎಲೆಯ ಭಾಗದಿಂದಾದ ಮುಳ್ಳು. ಕರಿಜಾಲಿಯಲ್ಲಿ ಎಲೆಯ ಬುಡದ ಎರಡು ಕಾವಿನೆಲೆಗಳು ಜೋಡಿಮುಳ್ಳುಗಳಾಗಿವೆ. ಈಚಲಿನಲ್ಲಿ ಗರಿಯ ಬುಡದ ಎಳೆಗಳೇ ಮುಳ್ಳಾಗಿವೆ. ಮೂರನೆಯದು ಹೊರಚರ್ಮದ ಬೆಳವಣಿಗೆಯಿಂದಾದ ಮುಳ್ಳು. ಗುಲಾಬಿಯ ಮುಳ್ಳನ್ನು ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಅದು ಸುಲಭವಾಗಿ ಕಳಚಿ ಬರುವುದು, ಕಾಂಡಕ್ಕೆ ಹಾನಿಯಾಗದು. ನಿಂಬೆಯ ಮುಳ್ಳನ್ನು ಹಾಗೆ ಕಳಚಲಾಗದು. ಅದರೊಳಕ್ಕೆ ಕಾಂಡದ ನಾಳಗಳೇ ಹೊಕ್ಕಿರುತ್ತವೆ.

ಬದನೆಯ ತೊಟ್ಟಿನಲ್ಲಿರುವುದೂ ಈ ಮೂರನೆಯ ವರ್ಗದ ಮುಳ್ಳೇ. ಕಾಡುಬದನೆಯ ಮೈತುಂಬ ಮುಳ್ಳು. ಸಾಗುವಳಿಯ ಎಷ್ಟೋ ತಳಿಗಳಲ್ಲಿ ಅದು ಬಹುಮಟ್ಟಿಗೆ ಇಲ್ಲವಾಗಿದೆ. ಸಸ್ಯದ ಬೆಳವಣಿಗೆಗೆ ಬೇಕಾದ ಸೈಟೊಕೈನಿನ್ ಎಂಬ ಹಾರ್ಮೋನಿನ ತಯಾರಿಕೆಗೆ ಸಂಬಂಧಿಸಿದ ಒಂದು ಜೀನಿನ ಬಳಗದಲ್ಲಿ ಉಂಟಾದ ಬದಲಾವಣೆಯೇ ಇದಕ್ಕೆ ಕಾರಣವೆಂದು 2024ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿದೆ. ಪರಸ್ಪರ ದೂರದ ಸಂಬಂಧವುಳ್ಳ ಬದನೆ, ಗುಲಾಬಿಗಳೆರಡರಲ್ಲಿಯೂ ಈ ಬಳಗದ ಜೀನುಗಳೇ ಮುಳ್ಳಿಗೆ ಕಾರಣವಾಗಿರುವುದು ಸ್ವಾರಸ್ಯಕರವಾದ ಸಂಗತಿ.

ಪ್ರಾಣಿಗಳಲ್ಲಿಯೂ ಇದೇ ವೈವಿಧ್ಯ. ಮುಳ್ಳುಹಂದಿಯ ಮುಳ್ಳು ವಾಸ್ತವವಾಗಿ ಕೂದಲು. ನಮ್ಮ ಉಗುರಿನಲ್ಲಿರುವ ಕೆರಟಿನ್ ಎಂಬ ವಸ್ತುವಿನಿಂದಲೇ ಆದದ್ದು. ಅದು ಬಾಣದಂತೆ ಮುಳ್ಳನ್ನು ಎಸೆಯುತ್ತದೆ ಎಂಬ ನಂಬಿಕೆ ನಿಜವಲ್ಲ. ಅದು ಮುಳ್ಳುಗಳನ್ನು ನಿಮಿರಿಸಿ ಹಿಂದುಹಿಂದಕ್ಕೆ ನುಗ್ಗುವುದು. ಸಡಿಲವಾದ ಮುಳ್ಳುಗಳು ಶತ್ರುವಿನ ಮೈಯಲ್ಲಿ ನಾಟಿ ನಿಲ್ಲುವುವು. ಮೀನಿನ ಈಜುರೆಕ್ಕೆಯ ಮುಳ್ಳು ಎಲುಬು. ಸಮುದ್ರದ ಅರ್ಚಿನ್ ಎಂಬ ದುಂಡನೆಯ ಪ್ರಾಣಿಯ ಮುಳ್ಳು ಸುಣ್ಣದಿಂದಾದುದು. ಕೂದಲು, ಎಲುಬು, ಸುಣ್ಣ ಇವು ಒಂದೇ ಆಕಾರವನ್ನು ತಳೆದಿರುವುದಕ್ಕೆ ಕಾರಣ, ಅವುಗಳ ಮುಂದಿದ್ದ ಸಮಸ್ಯೆ ಒಂದೇ ಬಗೆಯದಾಗಿತ್ತು ಎಂಬುದೇ.

ಆದರೆ ಎಲ್ಲ ಮುಳ್ಳೂ ರಕ್ಷಣೆಗಾಗಿಯೇ ಇರುವುದೆಂದು ಭಾವಿಸಬಾರದು. ಬೆತ್ತದ ಬಳ್ಳಿಯು ತನ್ನ ಕೊಕ್ಕೆಮುಳ್ಳುಗಳ ನೆರವಿನಿಂದ ಮರವನ್ನು ಏರುತ್ತದೆ. ನೆಗ್ಗಿಲ ಕಾಯಿ ದನಗಳ ಗೊರಸಿಗೆ ಚುಚ್ಚಿಕೊಂಡು ಬೀಜವನ್ನು ದೂರಕ್ಕೆ ಸಾಗಿಸುತ್ತದೆ. ಹಲಸಿನ ಹಣ್ಣಿನ ಮುಳ್ಳುಗಳಂತೂ ಹಣ್ಣಿನೊಳಗೆ ಒಂದುಗೂಡಿದ ಬಿಡಿಹೂಗಳ ತುದಿಗಳು. ರಕ್ಷಣೆಯ ಮುಳ್ಳೂ ಮೇಯುವ ಪ್ರಾಣಿಯನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಜಾಲಿಯನ್ನು ಮೇಯುವ ಆಡನ್ನು ನೋಡಿದವರಿಗೆ ಇದು ತಿಳಿದಿದೆ. ಮುಳ್ಳಿನಿಂದ ತುತ್ತು ಚಿಕ್ಕದಾಗುತ್ತದೆ, ಮೇಯುವ ವೇಗ ಕುಗ್ಗುತ್ತದೆ. ಗಿಡ ಬದುಕಿಕೊಳ್ಳಲು ಅಷ್ಟೇ ಸಾಕು.

ಮನುಷ್ಯನು ಈ ಗುಣವನ್ನು ಬೇಲಿಗೆ ಬಳಸಿಕೊಂಡನು. ನಮ್ಮ ಹೊಲಗಳ ಬೇಲಿಯಲ್ಲಿ ಎರಡು ಬಗೆಯ ಕಳ್ಳಿಗಳನ್ನು ಕಾಣಬಹುದು. ಚದರಕಳ್ಳಿಯು ಈ ದೇಶದ್ದು. ಗಾಯವಾದರೆ ಬಿಳಿಯ ಹಾಲು ಸುರಿಯುತ್ತದೆ, ಮುಳ್ಳುಗಳು ಜೋಡಿಯಾಗಿರುತ್ತವೆ. ಪಾಪಾಸುಕಳ್ಳಿಯು ಅಮೆರಿಕ ಖಂಡದಿಂದ ಬಂದುದು. ಅದರಲ್ಲಿ ಹಾಲಿಲ್ಲ, ಮುಳ್ಳುಗಳು ಗೊಂಚಲಾಗಿದ್ದು ಅವುಗಳ ಬುಡದಲ್ಲಿ ಚರ್ಮಕ್ಕೆ ನಾಟುವ ನವಿರಾದ ಸುಂಕುಗಳಿರುತ್ತವೆ. ಇವೆರಡೂ ಬೇರೆ ಬೇರೆ ಕುಟುಂಬಗಳ ಸಸ್ಯಗಳು. ಒಣನಾಡಿನ ಬಾಳು ಇವನ್ನು ಹೊರನೋಟಕ್ಕೆ ಒಂದಾಗಿಸಿದೆ, ಜನರು ಒಂದೇ ಹೆಸರಿನಿಂದ ಕರೆದಿದ್ದಾರೆ.

ಪಾಪಾಸುಕಳ್ಳಿಯ ಇತಿಹಾಸವು ವಿಶೇಷವಾಗಿ ವಿಚಾರಾರ್ಹವಾದುದು. ಕಾಚಿನೀಲ್ ಎಂಬ ಕೀಟದಿಂದ ದೊರೆಯುವ ಕೆಂಪು ಬಣ್ಣದ ವ್ಯಾಪಾರವು 18ನೆಯ ಶತಮಾನದಲ್ಲಿ ಸ್ಪೇನಿನ ಕೈಯಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿಯು ಆ ಕೀಟವನ್ನು ಇಲ್ಲಿ ಸಾಕಲು ಬಯಸಿತು. ಅದರ ಆಹಾರವು ಪಾಪಾಸುಕಳ್ಳಿಯಾದುದರಿಂದ ಮದರಾಸಿನಲ್ಲಿ ವೈದ್ಯ ಜೇಮ್ಸ್ ಆಂಡರ್ಸನ್ ಅದಕ್ಕಾಗಿ ಕಳ್ಳಿಯ ತೋಟವನ್ನೇ ಬೆಳೆಸಿದನು. 1795ರಲ್ಲಿ ಬ್ರೆಜಿಲ್‌ನಿಂದ ಬಂಗಾಳಕ್ಕೆ ಕೀಟವು ಬಂದಿತು. ಆದರೆ ಅದು ಉತ್ತಮ ಬಣ್ಣ ಕೊಡುವ ಜಾತಿಯಾಗಿರಲಿಲ್ಲ, ಅದರ ಹತ್ತಿರದ ಬಂಧುವಾದ ಡ್ಯಾಕ್ಟಿಲೋಪಿಯಸ್ ಸೈಲಾನಿಕಸ್ ಆಗಿತ್ತು. ಅದು ಬಣ್ಣಕ್ಕೆ ಬದಲಾಗಿ ಒಪನ್ಷಿಯ ಮೊನಕ್ಯಾಂತ ಎಂಬ ಕಳ್ಳಿಯನ್ನೇ ನಾಶಮಾಡಿತು. ಇದನ್ನು ಕಂಡು 1836 ರಿಂದ 1838ರ ಅವಧಿಯಲ್ಲಿ ಅದನ್ನು ದಕ್ಷಿಣ ಭಾರತಕ್ಕೆ ಬೇಕೆಂದೇ ತಂದರು. ಕೀಟದಿಂದ ಕಳೆಯನ್ನು ಹತೋಟಿಗೆ ತಂದ ಮೊದಲನೆಯ ಉದ್ದೇಶಪೂರ್ವಕ ಪ್ರಯೋಗಗಳಲ್ಲಿ ಇದೂ ಒಂದು.

ಆದರೆ ಈ ಕೀಟವು ಇನ್ನೊಂದು ಜಾತಿಯಾದ ಒಪನ್ಷಿಯ ಡಿಲ್ಲೆನಿಯನ್ನು ಮುಟ್ಟಲಿಲ್ಲ. ಆ ಕಳ್ಳಿ ಹಬ್ಬಿ ಸಾಗುವಳಿಯ ನೆಲವನ್ನೂ ಗೋಮಾಳವನ್ನೂ ಆವರಿಸಿತು. ಕಡಿದು ಬಿಸುಟ ತುಂಡೂ ಬೇರುಬಿಡುವ ಗಿಡವನ್ನು ಕೊಡಲಿಯಿಂದ ತೊಲಗಿಸುವುದು ಅಸಾಧ್ಯವೇ ಸರಿ. ಕೊನೆಗೆ 1926ರಲ್ಲಿ ಸಿಂಹಳದಿಂದ ತಂದ ಡ್ಯಾಕ್ಟಿಲೋಪಿಯಸ್ ಒಪನ್ಷಿಯೆ ಎಂಬ ಮತ್ತೊಂದು ಜಾತಿಯ ಕೀಟವು ಅದನ್ನು ಅಡಗಿಸಿತು. ಮುಳ್ಳು ದನಗಳನ್ನು ತಡೆದಿತ್ತು, ಸಸ್ಯರಸವನ್ನು ಹೀರುವ ಸಣ್ಣ ಕೀಟವನ್ನು ತಡೆಯಲಾರದಾಯಿತು.

ಈ ಕಥೆ ಇಲ್ಲಿಗೆ ಮುಗಿಯಲಿಲ್ಲ. ಈಗ ಒಣಭೂಮಿಯಲ್ಲಿ ಮೇವಿಗಾಗಿ ಮುಳ್ಳಿಲ್ಲದ ಪಾಪಾಸುಕಳ್ಳಿಯನ್ನು ಬೆಳೆಸುವ ಪ್ರಯತ್ನಗಳು ನಮ್ಮ ದೇಶದಲ್ಲಿ ನಡೆಯುತ್ತಿವೆ. ಅದು ಒಪನ್ಷಿಯ ಫೈಕಸ್-ಇಂಡಿಕ ಎಂಬ ಜಾತಿ. 2014ರಲ್ಲಿ ಮೊರಾಕೋ ದೇಶವನ್ನು ಹೊಕ್ಕು ಈ ಕಳ್ಳಿಯ ತೋಟಗಳನ್ನು ಹಾಳುಮಾಡಿದುದು, ನಮಗೆ ಉಪಕಾರ ಮಾಡಿದ ಡ್ಯಾಕ್ಟಿಲೋಪಿಯಸ್ ಒಪನ್ಷಿಯೆಯೇ. ಒಂದೆಡೆ ರಕ್ಷಕನಾದ ಕೀಟ ಇನ್ನೊಂದೆಡೆ ಭಕ್ಷಕನಾಗಿದೆ. ಆದುದರಿಂದ ಹೊಸ ಬೆಳೆಯನ್ನು ಹರಡುವವರು ಹಳೆಯ ಕೀಟವನ್ನು ಮರೆಯುವಂತಿಲ್ಲ.

ಎರಡು ಕೀಟಗಳ ಭೇದವನ್ನು ಅರಿಯದಿದ್ದುದರಿಂದ ಬಣ್ಣದ ಉದ್ಯಮ ಕೈಗೂಡಲಿಲ್ಲ. ಕಳ್ಳಿಯ ಜಾತಿಭೇದವು ಗೋಮಾಳಗಳ ಗತಿಯನ್ನು ನಿರ್ಣಯಿಸಿತು. ವರ್ಗೀಕರಣವು ಬರಿಯ ಹೆಸರುಗಳ ಕಂಠಪಾಠವೆಂದು ಬೇಸರಪಡುವ ವಿದ್ಯಾರ್ಥಿಗಳು ಇದನ್ನು ನೆನೆಯಬೇಕು. ಕಾಲೇಜಿನ ಸುತ್ತಲಿನ ಒಂದೇ ಬೇಲಿಯಲ್ಲಿ ಮೂರು ವರ್ಗದ ಮುಳ್ಳುಗಳೂ ಸಿಕ್ಕಾವು. ಒಂದು ಚಾಕು, ಒಂದು ಭೂತಗಾಜು, ಸ್ವಲ್ಪ ತಾಳ್ಮೆ ಇವಿಷ್ಟಿದ್ದರೆ ಅಧ್ಯಯನವನ್ನು ಅಲ್ಲಿಂದಲೇ ಆರಂಭಿಸಬಹುದು.