ಗಗನಚುಕ್ಕಿಯ ಅಂಚಿನಲ್ಲಿ

ಬಂಡೆಯ ಅಂಚಿನಲ್ಲಿ ನಡೆಯುತ್ತ ಕೆಳಗೆ ನೀರಿನ ಮೊರೆತವನ್ನು ಕೇಳಬಯಸುವವರು ಗೋಕರ್ಣದ ಕಡಲತೀರಕ್ಕೆ ಹೋಗುವುದುಂಟು. ಕಡಲಿಲ್ಲದ ಮಂಡ್ಯದ ಸೀಮೆಗೆ ಆ ಸುಖವನ್ನು ಕಾವೇರಿಯೇ ಕರುಣಿಸಿದ್ದಾಳೆ. ಬೆಳಕವಾಡಿಯ ಕಡೆಯಿಂದ ಹೊರಟು ಶಿವನಸಮುದ್ರದತ್ತ ಸಾಗಿದರೆ, ಗದ್ದೆಗಳ ಹಸಿರು ಹಿಂದುಳಿದು ಕುರುಚಲು ಗುಡ್ಡಗಳು ಎದುರಾಗುತ್ತವೆ. ಮುಂದೆ ನೆಲವೇ ಮುಗಿದು ಕಣಿವೆ ಬಾಯ್ದೆರೆಯುತ್ತದೆ. ನಡುಗಡ್ಡೆಯನ್ನು ಬಳಸಿ ಎರಡಾಗಿ ಒಡೆದ ಹೊಳೆಯ ಪಡುವಣ ಕವಲು ಇಲ್ಲಿ ಗಗನಚುಕ್ಕಿಯಾಗಿ ಧುಮುಕುತ್ತದೆ, ಮೂಡಣದ್ದು ಭರಚುಕ್ಕಿಯಾಗುತ್ತದೆ.

ನಾನು ಹೋದದ್ದು ಬೇಸಗೆಯಲ್ಲಿ. ಧುಮುಕುವ ನೀರಿಗೆ ಬದಲಾಗಿ ಬಂಡೆಗಳ ಮೇಲೆ ನಾಲ್ಕಾರು ಬಿಳಿಯ ಎಳೆಗಳು ಮಾತ್ರ ಇಳಿಯುತ್ತಿದ್ದವು. ಇದು ಬಿಸಿಲಿನ ಕೆಲಸ ಮಾತ್ರವಲ್ಲ. ಜಲಪಾತದ ಮೇಲ್ಗಡೆಯೇ ಹೊಳೆಯ ನೀರನ್ನು ನಾಲೆಗೆ ತಿರುಗಿಸಿ, ಕೊಳವೆಗಳಲ್ಲಿ ಇಳಿಸಿ, ವಿದ್ಯುತ್ತನ್ನು ಪಡೆಯುವ ಏರ್ಪಾಡು 1902ರಲ್ಲಿ ಆರಂಭವಾಯಿತು. ಇಲ್ಲಿಂದ ಹೊರಟ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಹೊಳೆ ತನ್ನ ರಭಸವನ್ನು ಕೊಟ್ಟು ನಾಡಿಗೆ ಬೆಳಕು ತಂದಿತೆಂದರೆ ಉತ್ಪ್ರೇಕ್ಷೆಯಾಗಲಾರದು.

ಕಂಬಿಕಟ್ಟನ್ನು ದಾಟದೆ ಅಂಚಿನುದ್ದಕ್ಕೂ ನಡೆದೆ. ನೀರು ಕಣ್ಣನ್ನು ಸೆಳೆಯದಿದ್ದಾಗ ಗಿಡಗಳು ಕಾಣತೊಡಗಿದವು. ಕಾದ ಕಲ್ಲಿನ ನಡುವೆ ಬಂದರಿಕೆ. ಅಂಟುಅಂಟಾದ ಅದರ ಎಲೆ ನೀರನ್ನು ಸುಲಭವಾಗಿ ಬಿಟ್ಟುಕೊಡದು. ಪಕ್ಕದಲ್ಲಿ ಹಳದಿ ಹೂ ಹೊತ್ತ ತಂಗಡಿ; ಇದರ ತೊಗಟೆಯಿಂದಲೇ ಹಿಂದೆ ತೊಗಲನ್ನು ಹದಮಾಡುತ್ತಿದ್ದರು. ಎಲೆಯ ಹಂಗನ್ನೇ ತೊರೆದು ಹಸಿರು ಕಾಂಡದಿಂದಲೇ ಅನ್ನ ಬೇಯಿಸಿಕೊಳ್ಳುವ ಕಳ್ಳಿ, ಮುಳ್ಳು ಹೊತ್ತ ಕಾರೆ, ಕಗ್ಗಲಿ. ಕೆಳಗೆ ಹೊಳೆಯ ತಂಪಿನಲ್ಲಿ ಬಿಳಿಯ ಕಾಂಡದ ಹೊಳೆಮತ್ತಿ, ಹೊಂಗೆ, ನೇರಳೆ. ನೂರು ಗಜದ ಏರಿಳಿತದಲ್ಲಿ ಎರಡು ಕಾಡುಗಳು! ಇವುಗಳ ನಡುವೆ ಹೊರಗಿನಿಂದ ಬಂದ ಲಂಟಾನವೂ ಪೊದೆಪೊದೆಯಾಗಿ ನುಗ್ಗುತ್ತಿದೆ. ಅಮೆರಿಕದ ಈ ಗಿಡವನ್ನು ಅಲಂಕಾರಕ್ಕೆಂದು ಕರೆತಂದರು. ಈಗ ಅದು ಮನೆಯವರನ್ನೇ ಹೊರಗಟ್ಟುತ್ತಿದೆ.

ಆಡು ಕಾಯುತ್ತಿದ್ದ ಮುದುಕರೊಬ್ಬರನ್ನು ಗಿಡಗಳ ಹೆಸರು ಕೇಳಿದೆ. ತಡವರಿಸದೆ ಒಂದೊಂದನ್ನೂ ಹೇಳಿದರು. ಬಳಿಕ ನಕ್ಕು, “ನೀರು ಬಂದ್ರೆ ಜನ ಬತ್ತಾರೆ ಸ್ವಾಮಿ, ಗಿಡ ನೋಡೋಕೆ ಯಾರು ಬತ್ತಾರೆ?” ಎಂದರು.

ಅಷ್ಟರಲ್ಲಿ ಶಾಲೆಯ ಮಕ್ಕಳ ತಂಡವೊಂದು ಬಂದಿತು. “ಏನೂ ಇಲ್ಲ” ಎಂದುಕೊಂಡು ಹಿಂದಿರುಗಿತು. ಅವರ ತಪ್ಪಲ್ಲ, ತೋರಿಸುವವರಿರಲಿಲ್ಲ. ಗಿಡ ಅಳಿಯುವುದಕ್ಕೆ ಮೊದಲೇ ಅದರ ಹೆಸರು ಅಳಿಯುತ್ತದೆ. ಹೆಸರಿಲ್ಲದ್ದು ಅಳಿದಾಗ ಅಳುವವರೂ ಇರುವುದಿಲ್ಲ. ಅಧ್ಯಾಪಕರಾದ ನಾವು ಮಳೆಗಾಲದ ವೈಭವಕ್ಕೆ ಕಾಯದೆ, ನೀರಿಲ್ಲದ ದಿನವೇ ಮಕ್ಕಳನ್ನು ಒಮ್ಮೆ ಇಲ್ಲಿಗೆ ಕರೆತರಬೇಕು. ಜೊತೆಗೆ ಆ ಮುದುಕರಂಥವರೊಬ್ಬರನ್ನು ಕೂರಿಸಿಕೊಳ್ಳಬೇಕು. ಪಾಠ ಅವರದಾಗಲಿ, ನಾವೂ ಮಕ್ಕಳ ಸಾಲಿನಲ್ಲೇ ಕುಳಿತು ಕೇಳೋಣ.