ಕಣ್ಣಿಗೆ ಊಟ, ಹೊಟ್ಟೆಗೆ ಉಪವಾಸ

ಬ್ಯಾಡಗಿ ಮೆಣಸಿನಕಾಯಿಯ ಕಡುಗೆಂಪು ಕಂಡರೆ ಸಾಕು, ಹೊಸಬರ ನಾಲಿಗೆ ಖಾರಕ್ಕೆ ಸಜ್ಜಾಗುತ್ತದೆ. ಬಾಯಿಗಿಟ್ಟರೆ ಅಷ್ಟು ಖಾರವಿಲ್ಲ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಕಾಯಿಯ ಖ್ಯಾತಿಯೇ ಬಣ್ಣದ್ದು. ಕಣ್ಣು ಕೊಟ್ಟ ಮಾತನ್ನು ಬಾಯಿ ನಡೆಸಿಕೊಡಬೇಕೆಂದಿಲ್ಲ.

ಮೊಬೈಲಿನಲ್ಲಿ ಪರರು ಉಣ್ಣುವುದನ್ನು ನೋಡುವ ಗೀಳಿನ ಒಂದು ಗುಟ್ಟು ಇಲ್ಲಿದೆ. ಇಂಥ ವಿಡಿಯೊಗಳಿಗೆ ‘ಮುಕ್‌ಬಾಂಗ್’ ಎಂದು ಹೆಸರು. ಇವು 2010ರ ಸುಮಾರಿಗೆ ದಕ್ಷಿಣ ಕೊರಿಯಾದಲ್ಲಿ ಜನಪ್ರಿಯವಾದವು. ಆಹಾರ ಕಂಡೊಡನೆ ಬಾಯಲ್ಲಿ ನೀರೂರುತ್ತದೆ, ಜಠರರಸ ಒಸರುತ್ತದೆ. 1904ರಲ್ಲಿ ನೊಬೆಲ್ ಪಡೆದ ಪಾವ್ಲೋವ್ ನಾಯಿಗಳಲ್ಲಿ ಇದನ್ನು ತೋರಿಸಿದ್ದರು. ಇಲ್ಲಿ ದೇಹ ಸಿದ್ಧವಾದರೂ ತುತ್ತು ಬಾರದು. ತೃಪ್ತಿಯಿಲ್ಲದ ಬೆರಳು ಮುಂದಿನ ವಿಡಿಯೊ ಒತ್ತುತ್ತದೆ.

ಹಸಿವು ಅನ್ನದ್ದೇ ಆಗಬೇಕಿಲ್ಲ. ಒಂಟಿಯಾಗಿ ಉಣ್ಣುವವರಿಗೆ ಪರದೆಯ ಮುಖವೇ ಪಂಕ್ತಿಯ ಜೊತೆಗಾರ. ಆದರೆ ‘ಇನ್ನೊಂದು ರೊಟ್ಟಿ ಹಾಕಲೇ?’ ಎಂದು ಅದು ಕೇಳುವುದಿಲ್ಲ.