ದತ್ತಿಯ ಹಣವೂ ಮಕ್ಕಳ ಆಟ–ಪಾಲನೆಯೂ

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಸಮೀಪಿಸಿತೆಂದರೆ ಸುತ್ತಣ ಹಳ್ಳಿಗಳ ಮನೆಮನೆಗಳಲ್ಲಿ ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳಬರುತ್ತದೆ. ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಬಂದ ರೊಟ್ಟಿ, ದವಸ, ಕಾಯಿಪಲ್ಲೆಗಳು ಮಹಾದಾಸೋಹದ ಉಗ್ರಾಣವನ್ನು ಸೇರುತ್ತವೆ. ಇದನ್ನು ಕೇವಲ ಜಾತ್ರೆಯ ಊಟವೆಂದು ಬಗೆಯುವುದು ಸಲ್ಲದು. ಭಕ್ತರ ಇಂಥ ಕೊಡುಗೆಯ ಬಲದಿಂದಲೇ ಶ್ರೀಮಠದಲ್ಲಿ ಸಾವಿರಾರು ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದ ಮತ್ತು ವಸತಿಯ ಏರ್ಪಾಡು ನಡೆದುಬಂದಿದೆ. 2022ರಲ್ಲಿ 5,000 ವಿದ್ಯಾರ್ಥಿಗಳಿಗಾಗಿ ಹೊಸ ನಿಲಯವನ್ನು ಕಟ್ಟುವ ಸಂಕಲ್ಪವಾದಾಗಲೂ ಕಾಣಿಕೆ ಹರಿದುಬಂದಿತು.

ಕುಷ್ಟಗಿ, ಯಲಬುರ್ಗಾ ತಾಲೂಕುಗಳು ಬಹುಮಟ್ಟಿಗೆ ಮಳೆಯಾಶ್ರಿತ ನೆಲ. ಮಳೆ ತಪ್ಪಿದ ವರ್ಷ ದುಡಿಯುವ ಕುಟುಂಬಗಳು ಮಂಗಳೂರು, ಗೋವೆ, ಬೆಂಗಳೂರುಗಳ ಕಡೆಗೆ ಗುಳೆ ಹೋಗುತ್ತವೆ. ತಂದೆತಾಯಿಯ ಬೆನ್ನುಹತ್ತಿ ಹೋದ ಮಗುವಿನ ಶಾಲೆ ಅಲ್ಲಿಗೆ ನಿಲ್ಲುತ್ತದೆ. ನಿಲಯದಲ್ಲಿ ಉಳಿದ ಮಗುವಿನ ಶಾಲೆ ಮುಂದುವರಿಯುತ್ತದೆ. ಆದರೆ ಮನೆಯಿಂದ ದೂರವಿರುವ ಆ ಮಗು ಸಂಜೆ ಶಾಲೆ ಬಿಟ್ಟ ಮೇಲೆ ಏನು ಮಾಡಬೇಕು? ಅನ್ನ, ಅಕ್ಷರಗಳಿಗೆ ದಾನಿಗಳು ದೊರೆತಷ್ಟು ಸುಲಭವಾಗಿ ಆ ಎರಡು ಗಂಟೆಯ ಹೊತ್ತಿಗೆ ದಾನಿಗಳು ದೊರೆಯುವುದಿಲ್ಲ.

ಈ ಭಾಗದ ಜನ ಆಟಕ್ಕೆ ಕೊಡದವರೇನೂ ಅಲ್ಲ. ಊರ ಗರಡಿಮನೆಯ ಖರ್ಚು, ಜಾತ್ರೆಯ ಕುಸ್ತಿಯಲ್ಲಿ ಗೆದ್ದ ಪೈಲವಾನನಿಗೆ ತೊಡಿಸುವ ಬೆಳ್ಳಿಯ ಕಡೆ, ಇವು ಊರವರ ವಂತಿಗೆಯಿಂದಲೇ ನಡೆದ ಕಾರ್ಯಗಳು. ಆದರೆ ಕಡೆ ಸಲ್ಲುವುದು ಗೆದ್ದವನಿಗೆ, ಕಲಿಯುವವನಿಗಲ್ಲ. ಕಬಡ್ಡಿ, ಖೊಖೊ ಆಟಗಳಿಗೆ ಬೇಕಾದುದು ಸಮತಟ್ಟಾದ ನೆಲ, ಎರಡು ಕಂಬ, ಗೆರೆ ಎಳೆಯಲು ಸುಣ್ಣ, ಇಷ್ಟೇ. ತಿಂಗಳು ತಿಂಗಳೂ ಹಣ ಬೇಕಾಗುವುದು ಕಲಿಸುವವರ ಸಂಬಳಕ್ಕೆ. ಕೋಣೆ ಕಟ್ಟಿಸಿದರೆ ಗೋಡೆಯಲ್ಲಿ ಕಲ್ಲು ನೆಡಬಹುದು. ಹರಿದುಹೋಗುವ ಚೆಂಡಿನ ಮೇಲೆ ದಾನಿಯ ಹೆಸರನ್ನು ಕೆತ್ತಲು ಬಾರದು!

ಈ ತೊಡಕಿಗೆ ದತ್ತಿನಿಧಿ ಒಂದು ಹಳೆಯ ಉಪಾಯ. ಅಸಲನ್ನು ಬ್ಯಾಂಕಿನಲ್ಲಿರಿಸಿ ಬಡ್ಡಿಯನ್ನು ಮಾತ್ರ ವೆಚ್ಚ ಮಾಡುವುದು ಇದರ ಕ್ರಮ. ಶೇಕಡಾ 6ರ ಬಡ್ಡಿಯೆಂದು ಎಣಿಸಿದರೆ 1 ಲಕ್ಷ ರೂಪಾಯಿಯಿಂದ ವರ್ಷಕ್ಕೆ 6,000 ರೂಪಾಯಿ ಬರುತ್ತದೆ. ಅದು ಚೆಂಡು, ಬಲೆಗಳಿಗೆ ಸಾಕು, ಶಿಕ್ಷಕರಿಗೆ ಸಾಲದು. 20 ಲಕ್ಷವಾದರೆ ತಿಂಗಳಿಗೆ 10,000 ರೂಪಾಯಿ ಒದಗುತ್ತದೆ. ಒಬ್ಬರಿಗೆ ಇದು ಭಾರ. 200 ಮಂದಿ ಹಳೆಯ ವಿದ್ಯಾರ್ಥಿಗಳು ತಲಾ 10,000 ರೂಪಾಯಿ ಕೂಡಿಸಿದರೆ ಆಗುವ ಕೆಲಸ. ಆದರೆ ಬೆಲೆ ಏರಿದಂತೆ ಬಡ್ಡಿ ಏರುವುದಿಲ್ಲ. ಹಿಂದೆ 1,000 ರೂಪಾಯಿಯಿಂದ ಸ್ಥಾಪಿಸಿದ ದತ್ತಿಯಿಂದ ಇದೇ ದರದಲ್ಲಿ ಬರುವುದು ವರ್ಷಕ್ಕೆ 60 ರೂಪಾಯಿ. ಆದುದರಿಂದ ಬಡ್ಡಿಯ ಒಂದು ಪಾಲನ್ನು ಪ್ರತಿವರ್ಷವೂ ಅಸಲಿಗೆ ಸೇರಿಸುವ ನಿಯಮವನ್ನು ದತ್ತಿಪತ್ರದಲ್ಲಿಯೇ ಬರೆದಿಡುವುದು ಲೇಸು.

ಕಾರಖಾನೆಗಳ ಹಣವೂ ಉಂಟು. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು. ಗ್ರಾಮೀಣ ಕ್ರೀಡೆಗಳ ತರಬೇತಿಯನ್ನು ಆ ಕಾಯ್ದೆಯ ಪಟ್ಟಿಯೇ ಹೆಸರಿಸಿದೆ. ಗಿಣಿಗೇರಿಯ ಸುತ್ತಲಿನ ಉಕ್ಕಿನ ಕಾರಖಾನೆಗಳನ್ನು ಕಂಡವರಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಗಂಗಾವತಿಯ ಕಷ್ಟ ಬೇರೆ ಬಗೆಯದು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಅಲ್ಲಿ ಭತ್ತ ಬೆಳೆಯುತ್ತದೆ. ನಾಟಿಗೆ ಬಗ್ಗುವವರು ಹೆಂಗಸರು. ಕೂಸು ಬದುವಿನ ಮೇಲಿರುತ್ತದೆ, ಇಲ್ಲವೆ ಶಾಲೆ ತಪ್ಪಿಸಿದ ಅಕ್ಕನ ಸೊಂಟದ ಮೇಲಿರುತ್ತದೆ. ಶಿಶುಪಾಲನೆಗೆ ಕೊಟ್ಟ ಹಣ ಕೂಸನ್ನೂ ಆ ಅಕ್ಕನನ್ನೂ ಒಟ್ಟಿಗೆ ಕಾಯುತ್ತದೆಂಬುದನ್ನು ದಾನಿಗಳು ಗಮನಿಸಬೇಕು. ಉದ್ಯೋಗ ಖಾತರಿಯ 2005ರ ಕಾಯ್ದೆ, ಕೆಲಸದ ಸ್ಥಳದಲ್ಲಿ ಐದು ಅಥವಾ ಹೆಚ್ಚು ಎಳೆಯ ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ನೇಮಿಸಬೇಕೆಂದಿತ್ತು. 2023ರಲ್ಲಿ ರಾಜ್ಯ ಸರಕಾರ ‘ಕೂಸಿನ ಮನೆ’ಗಳನ್ನು ಪ್ರಕಟಿಸಿತು. ಕಟ್ಟಡ ಸರಕಾರದ್ದಾದರೂ ತೊಟ್ಟಿಲು, ಹಾಲು, ಆಟಿಕೆಗಳನ್ನು ಊರವರು ಒದಗಿಸಬಹುದು. ಬಣ್ಣದ ಗೊಂಬೆಗಳಿಗೆ ಹೆಸರಾದ ಕಿನ್ನಾಳ ಇರುವುದು ಕೊಪ್ಪಳ ತಾಲೂಕಿನಲ್ಲಿಯೇ. ಎಲ್ಲಕ್ಕಿಂತ ಮುಖ್ಯವಾದುದು ವೇಳೆ. ನಾಟಿಯ ಹೆಂಗಸರು ಹೊತ್ತು ಮೂಡುವ ಮೊದಲೇ ಮನೆ ಬಿಡುತ್ತಾರೆ. ಹತ್ತು ಗಂಟೆಗೆ ಬಾಗಿಲು ತೆರೆದರೆ ಅವರಿಗೆ ಪ್ರಯೋಜನವಿಲ್ಲ. ಸುಗ್ಗಿ, ನಾಟಿಗಳ ಎರಡು ಮೂರು ತಿಂಗಳ ಮಟ್ಟಿಗೆ ಬೆಳಗಿನ ಆರು ಗಂಟೆಗೇ ಬಾಗಿಲು ತೆರೆಯುವ ಒಬ್ಬ ಆಯಾಳ ಸಂಬಳ, ದಾನಿಗಳು ಮೊದಲು ಕೊಡಬೇಕಾದುದು ಅದನ್ನು.